ದಿನಕ್ಕೊಂದು ಇಂಗ್ಲಿಷ್ ಪದ

ಇಂಗ್ಲಿಷ್ ಪದಗಳನ್ನು ಆಯ್ದು ಪಟ್ಟಿಮಾಡಿ ಕಲಿಸುವ ಪದ್ಧತಿ ಮೊದಲು ಬೆಳೆದದ್ದು ಇಂಗ್ಲೆಂಡಿನಲ್ಲಿ, ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಿಗಾಗಿ. ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್ ಮೂಲದ ಪದಗಳು ಆ ಭಾಷೆಗೆ ಸಾವಿರಗಟ್ಟಲೆ ಬಂದು ಸೇರಿದವು. ಲ್ಯಾಟಿನ್ ಕಲಿಯುವ ಅವಕಾಶವಿಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ, ಇವು ಅರ್ಥವಾಗುತ್ತಿರಲಿಲ್ಲ. ಅಂಥವರಿಗೆಂದೇ ಶಾಲಾ ಉಪಾಧ್ಯಾಯ ರಾಬರ್ಟ್ ಕಾಡ್ರಿ 1604ರಲ್ಲಿ ಸುಮಾರು 2,500 ಕಠಿಣ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಒಂದೆರಡು ಸುಲಭ ಮಾತುಗಳಲ್ಲಿ ಅರ್ಥ ಕೊಟ್ಟ. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ದಿನಬಳಕೆಯ ಪದಗಳಿಗೂ ಜಾಗ ಕೊಟ್ಟು, ಲೇಖಕರ ವಾಕ್ಯಗಳ ಮೂಲಕ ಬಳಕೆಯನ್ನು ತೋರಿಸಿತು.

ಯಾವ ಪದವನ್ನು ಮೊದಲು ಕಲಿಸಬೇಕು ಎಂಬ ಪ್ರಶ್ನೆಗೆ ಲೆಕ್ಕದ ಆಧಾರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ, ಬರಹದಲ್ಲಿ ಹೆಚ್ಚಾಗಿ ಕಾಣಸಿಗುವ 10,000 ಪದಗಳ ಪಟ್ಟಿಯನ್ನು ಶಿಕ್ಷಕರಿಗಾಗಿ ಪ್ರಕಟಿಸಿದ. ಅದೇ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಮೈಕೇಲ್ ವೆಸ್ಟ್, ಬಂಗಾಳದ ಮಕ್ಕಳ ಪಠ್ಯಗಳಲ್ಲಿ ಅಪರೂಪದ ಪದಗಳು ದಟ್ಟವಾಗಿ ತುಂಬಿರುವುದನ್ನು ಗಮನಿಸಿದ. ತಾನು ಸಿದ್ಧಪಡಿಸಿದ ವಾಚಕಗಳಲ್ಲಿ ಅಂಥ ಪದಗಳ ಜಾಗಕ್ಕೆ ಬಳಕೆಯವನ್ನು ತಂದ. ಹೊಸ ಪದಗಳನ್ನು ದೂರದೂರ ಇಟ್ಟು, ಒಮ್ಮೆ ಬಂದದ್ದು ಮತ್ತೆಮತ್ತೆ ಬರುವಂತೆ ಪಾಠ ಹೆಣೆದ. 1953ರಲ್ಲಿ ಅವನು ಹೊರತಂದ ಸುಮಾರು 2,000 ಮೂಲಪದಗಳ ಪಟ್ಟಿ ಇಂಗ್ಲಿಷ್ ಪಠ್ಯ ಬರೆಯುವವರಿಗೆ ಬಹುಕಾಲ ಆಧಾರವಾಯಿತು.

ಭಾಷೆ ಬಲ್ಲವರ ಪದಸಂಪತ್ತು ಹೆಚ್ಚಿಸುವ ಕೆಲಸವನ್ನು ಪತ್ರಿಕೆಗಳು ಕೈಗೆತ್ತಿಕೊಂಡವು. ನಿಘಂಟು ಪ್ರಕಾಶಕರ ಮನೆತನದ ವಿಲ್ಫ್ರೆಡ್ ಫಂಕ್ 1942ರಲ್ಲಿ ನಾರ್ಮನ್ ಲೂಯಿಸ್ ಜೊತೆ ಮೂವತ್ತು ದಿನಗಳ ಅಭ್ಯಾಸ ಪುಸ್ತಕ ಬರೆದ. 1945ರಲ್ಲಿ ರೀಡರ್ಸ್ ಡೈಜೆಸ್ಟ್‌ನಲ್ಲಿ ಅವನ ಅಂಕಣ ಶುರುವಾಯಿತು. ಅಲ್ಲಿ ಒಂದೊಂದು ಪದದ ಮುಂದೆ ನಾಲ್ಕು ಅರ್ಥಗಳು. ಓದುಗ ಸರಿಯಾದದ್ದಕ್ಕೆ ಗುರುತು ಹಾಕಿ, ಪುಟ ತಿರುವಿ ಉತ್ತರ ನೋಡಿ, ತಾನೇ ಅಂಕ ಹಾಕಿಕೊಳ್ಳುತ್ತಿದ್ದ. 1994ರಲ್ಲಿ ಭಾರತ ಮೂಲದ ಅನು ಗರ್ಗ್, ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ, ದಿನಕ್ಕೊಂದು ಪದವನ್ನು ಇಮೇಲ್ ಮೂಲಕ ಕಳಿಸತೊಡಗಿದರು. ಕನ್ನಡಿಗರಲ್ಲಿ ದಿನದ ಪಾಠವನ್ನು ಮನೆಮನೆಗೆ ಮುಟ್ಟಿಸಿದ್ದು ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸಿನ ಕನ್ನಡ ಆವೃತ್ತಿ.

ಹಿಂದಿನ ಪದಗಳನ್ನು ಮೆಲುಕು ಹಾಕದಿದ್ದರೆ ಈ ಅಭ್ಯಾಸ ಫಲ ಕೊಡದು. ಕಲಿತದ್ದು ಮೊದಲ ಕೆಲವೇ ಗಂಟೆಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಒಂದೂ ಮರೆಯದೆ ಕಲಿತರೂ ದಿನಕ್ಕೊಂದರಂತೆ ವೆಸ್ಟ್‌ನ ಪಟ್ಟಿ ಮುಗಿಯಲು ಐದೂವರೆ ವರ್ಷ ಬೇಕು. ಆದ್ದರಿಂದ ದಿನಕ್ಕೊಂದು ಪದ ಎಂಬುದು ತಳಪಾಯ ಹಾಕಿಕೊಂಡವರಿಗೆ ಒಳ್ಳೆಯ ಅಭ್ಯಾಸ. ಹೊಸದಾಗಿ ಕಲಿಯುವವರಿಗೆ ಬೇಕಾದದ್ದು ಸುಲಭ ಪುಸ್ತಕಗಳ ಧಾರಾಳ ಓದು.