ಮೊದಲ ಸಂಚಿಕೆಯ ಬೀಜ ಮತ್ತು ಬಿಂದು: ಕ್ಯಾಸಂಬಳ್ಳಿ ಸೀಮೆಯಿಂದ ಕಿರುತೆರೆ ಕಥನದ ಒಂದು ಪರಿಶೀಲನೆ

ಕೆಜಿಎಫ್ ತಾಲ್ಲೂಕಿನ ಕ್ಯಾಸಂಬಳ್ಳಿ ಹೋಬಳಿ ಆಂಧ್ರದ ಗಡಿಗೆ ಹತ್ತಿಕೊಂಡಿದೆ. ಇಲ್ಲಿನ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಮಕ್ಕಳು ಓದುವುದು ಕನ್ನಡ, ರಾಬರ್ಟ್‌ಸನ್‌ಪೇಟೆಗೆ ಸಾಮಾನು ತರಲು ಹೋದರೆ ಕಿವಿಗೆ ಬೀಳುವುದು ತಮಿಳು. 1993ರಲ್ಲಿ ಸನ್, 1994ರಲ್ಲಿ ಉದಯ, 1995ರಲ್ಲಿ ಜೆಮಿನಿ ಹೀಗೆ ಮೂರು ಭಾಷೆಗಳ ವಾಹಿನಿಗಳು ಒಂದರ ಹಿಂದೊಂದು ಹುಟ್ಟಿಕೊಂಡ ಮೇಲೆ ಈ ಸೀಮೆಯ ನೋಡುಗರಿಗೆ ಸಂಜೆಯ ಹೊತ್ತು ಮೂರು ದಾರಿಗಳು ತೆರೆದವು. ಕನ್ನಡ ಧಾರಾವಾಹಿಯೊಂದು ಅವರಿಗೆ ಹಿಡಿಸದಿದ್ದರೆ ಅದನ್ನು ಸಹಿಸಿಕೊಂಡು ಕೂರಬೇಕಾದ ಯಾವ ಹಂಗೂ ಇಲ್ಲ. ಮೊದಲ ಸಂಚಿಕೆ ನೋಡುಗರನ್ನು ಯಾವುದರಿಂದ ಹಿಡಿದು ನಿಲ್ಲಿಸುತ್ತದೆ, ಒಂದು ಮುಗಿದ ಕೂಡಲೇ ಇನ್ನೊಂದನ್ನು ಹಾಕಿಕೊಳ್ಳುವಂತೆ ಯಾಕೆ ಮಾಡುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ತಕ್ಕ ಜಾಗ ಕರ್ನಾಟಕದಲ್ಲಿ ಕಡಿಮೆ.

ಉದ್ಯಮದ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ಕೊನೆಯ ಅರ್ಧ ನಿಮಿಷದಲ್ಲಿ ಒಂದು ಆಘಾತ ಕೊಡಿ. ಬಾಗಿಲು ತೆರೆಯುತ್ತದೆ, ಸತ್ತಳೆಂದುಕೊಂಡವಳು ನಿಂತಿರುತ್ತಾಳೆ, ಮೂರು ಮುಖಗಳಿಗೆ ಮೂರು ಸಲ ಕ್ಯಾಮೆರಾ ನುಗ್ಗುತ್ತದೆ. ಈ ಉತ್ತರ ಅರ್ಧ ಸರಿ. ಉಳಿದರ್ಧವನ್ನು ನಮ್ಮ ಕಾವ್ಯಮೀಮಾಂಸೆಯೇ ಹೇಳಿದೆ. ನಾಟ್ಯಶಾಸ್ತ್ರ ಕಥಾವಸ್ತುವಿನ ಐದು ಅರ್ಥಪ್ರಕೃತಿಗಳನ್ನು ಎಣಿಸುವಾಗ ಮೊದಲು ಬೀಜವನ್ನೂ ಆಮೇಲೆ ಬಿಂದುವನ್ನೂ ಇಡುತ್ತದೆ. ಸಣ್ಣದಾಗಿ ಬಿತ್ತಿದ್ದು ಹಲವು ಬಗೆಯಲ್ಲಿ ಹರಡಿ ಫಲವಾಗುವ ತನಕ ನಡೆಯುವಂಥದ್ದು ಬೀಜ. ಕಥೆಯ ಉದ್ದೇಶ ನಡುವೆ ಕಡಿದುಹೋದಾಗ ಅದನ್ನು ಮತ್ತೆ ಜೋಡಿಸುವಂಥದ್ದು ಬಿಂದು. ರಂಗದ ಮೇಲೆ ಕಥೆ ಕಡಿಯುವುದು ಅಪರೂಪ. ಕಿರುತೆರೆಯಲ್ಲಿ ಅದು ವೇಳಾಪಟ್ಟಿಯಲ್ಲೇ ಇದೆ. ಜಾಹೀರಾತು ಬಂದಾಗ ಕಡಿಯುತ್ತದೆ, ಸಂಚಿಕೆ ಮುಗಿದಾಗ ಕಡಿಯುತ್ತದೆ, ವಾರಾಂತ್ಯಕ್ಕೆ ಮತ್ತೆ ಕಡಿಯುತ್ತದೆ. ಹಾಗಾಗಿ ನಮ್ಮ ದೈನಂದಿನ ಧಾರಾವಾಹಿಗಳು ಬಿಂದುವನ್ನು ಮಾತ್ರ ಕಲಿತವು. ಬೀಜ ಬಿತ್ತದೆ ಬಿಂದುಗಳನ್ನು ಪೋಣಿಸುತ್ತ ಹೋದರೆ ನೋಡುಗರು ನಾಳೆಗೆ ಬರುತ್ತಾರೆ, ಆದರೆ ಮುಂದಿನ ತಿಂಗಳಿಗೆ ಯಾಕೆ ಬರಬೇಕೆಂದು ಅವರಿಗೇ ತಿಳಿಯುವುದಿಲ್ಲ. ಮೊದಲ ಸಂಚಿಕೆಯ ಗೆಲುವು ಸೋಲು ನಿರ್ಧಾರವಾಗುವುದು ಬೀಜದಲ್ಲಿ ಎಂಬುದು ಈ ಲೇಖನದ ವಾದ.

ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳ ಕಾಲದಲ್ಲಿ ಈ ಶಿಸ್ತು ಪದ್ಧತಿಯೊಳಗೇ ಇತ್ತು. ನಿರ್ಮಾಪಕರು ಮಾದರಿ ಸಂಚಿಕೆಯನ್ನು ಒಪ್ಪಿಸಬೇಕಿತ್ತು, ಒಪ್ಪಿಗೆ ಸಾಮಾನ್ಯವಾಗಿ 13 ಕಂತುಗಳಿಗೆ ಸಿಗುತ್ತಿತ್ತು. ಎಷ್ಟು ದೂರ ಹೋಗಬೇಕೆಂದು ಗೊತ್ತಿದ್ದವರು ಎಲ್ಲಿಂದ ಹೊರಡಬೇಕೆಂದೂ ಯೋಚಿಸುತ್ತಿದ್ದರು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ, 1986ರಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಸ್ವಾಮಿ ಎಂಬ ಹುಡುಗ ಕಳ್ಳನನ್ನು ಹಿಡಿಯುವ ಕಥೆಯನ್ನೇ ಹತ್ತಿರದಿಂದ ನೋಡೋಣ. ಹುಲಿಯೊಡನೆ ಕಾದಾಡಿದ ಹುಡುಗನ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ಓದುತ್ತಾರೆ. ಬಲಕ್ಕಿಂತ ಧೈರ್ಯ ದೊಡ್ಡದು ಎನ್ನುತ್ತಾರೆ. ಸ್ವಾಮಿಗೆ ಅದು ಒಪ್ಪಿಗೆಯಾಗುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದುಬಿಡುತ್ತಾರೆ ಅಪ್ಪ. ಅಜ್ಜಿಯ ಪಕ್ಕದಲ್ಲಿ ಮಲಗಿ ರೂಢಿಯಾದ ಹುಡುಗ ಕತ್ತಲ ಕೋಣೆಗೆ ಹೋಗಲೇಬೇಕು. ಇಲ್ಲಿ ಕೊಲೆಯಿಲ್ಲ, ಗುಟ್ಟಿಲ್ಲ, ಆಸ್ತಿಯ ಜಗಳವಿಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ, ಏಕೆಂದರೆ ಅಪ್ಪನ ಒಂದು ಮಾತಿನಿಂದ ಮೂರು ಸಂಗತಿಗಳು ಒಟ್ಟಿಗೆ ನಿಂತುಬಿಟ್ಟಿವೆ: ಹುಡುಗನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ತಪ್ಪಿಸಿಕೊಳ್ಳಲು ಯಾಕೆ ಆಗುವುದಿಲ್ಲ. ಕಳ್ಳ ಬರುವುದು ಬಹಳ ತಡವಾಗಿ. ಅಷ್ಟರಲ್ಲಿ ನಾವು ಸ್ವಾಮಿಯ ಕಡೆಯವರಾಗಿಬಿಟ್ಟಿರುತ್ತೇವೆ. ಈ ಸರಣಿಯಲ್ಲಿ ಬೇರೆ ಬೇರೆ ಕಥೆಗಳೇ ಹೆಚ್ಚು. ಆದರೂ ಮುಂದಿನ ವಾರ ಜನ ಮತ್ತೆ ಕೂತದ್ದು ಮಾಲ್ಗುಡಿ ಎಂಬ ಊರಿನ ಮೇಲಿನ ನಂಬಿಕೆಯಿಂದ.

1998ರಲ್ಲಿ ಬಂದ ‘ಮಾಯಾಮೃಗ’ ಧಾರಾವಾಹಿಯಿಂದ ಮುಂದಕ್ಕೆ ನಿರ್ದೇಶಕ ಟಿ.ಎನ್. ಸೀತಾರಾಂ ಕಂಡುಕೊಂಡ ಬಿಂದು ಬೇರೆಯದು: ನ್ಯಾಯಾಲಯ. ಪಾಟೀಸವಾಲಿನಲ್ಲಿ ಪ್ರಶ್ನೆ ಇಂದು, ಉತ್ತರ ನಾಳೆ. ಸ್ವತಃ ವಕೀಲರಾಗಿದ್ದವರ ಕೈಯಲ್ಲಿ ಈ ಬಿಡುವು ಸಹಜವಾಗಿ ಬಂತು, ಕೃತಕ ಆಘಾತದ ಅಗತ್ಯ ಬೀಳಲಿಲ್ಲ.

ಈ ಸೀಮೆಯನ್ನೇ ತೆರೆಯ ಮೇಲೆ ತಂದ ‘ಕೆಜಿಎಫ್’ ಸಿನಿಮಾ ಧಾರಾವಾಹಿಯಲ್ಲ, ನಿಜ. ಆದರೆ 2018ರ ಡಿಸೆಂಬರ್ 21ರಂದು ಬಿಡುಗಡೆಯಾದ ಅದರ ಮೊದಲ ಅಧ್ಯಾಯವನ್ನು ದೊಡ್ಡದೊಂದು ಮೊದಲ ಸಂಚಿಕೆಯೆಂದು ಓದಿದರೆ ಅದರ ಕಟ್ಟು ಸ್ಪಷ್ಟವಾಗುತ್ತದೆ. ಪ್ರಶಾಂತ್ ನೀಲ್ ಕಥೆಯನ್ನು ಹುಟ್ಟಿನಿಂದ ಶುರುಮಾಡುವುದಿಲ್ಲ. ನಿಷೇಧಕ್ಕೊಳಗಾದ ಒಂದು ಪುಸ್ತಕ, ಅದನ್ನು ಬರೆದ ಮುದುಕ ಪತ್ರಕರ್ತ, ಟಿವಿ ಸ್ಟುಡಿಯೋದಲ್ಲಿ ಅವರನ್ನು ಪ್ರಶ್ನಿಸುವ ಸಂಪಾದಕಿ. ಅಲ್ಲಿಂದ ಕಥೆ 1951ಕ್ಕೆ ಜಿಗಿಯುತ್ತದೆ. ಸಾಯುವಾಗ ಶ್ರೀಮಂತನಾಗಿ ಸಾಯಬೇಕೆಂದು ತಾಯಿ ಮಗನಿಂದ ಪಡೆಯುವ ಮಾತು ಬೀಜ. ಸ್ಟುಡಿಯೋದ ಪ್ರಶ್ನೆಗಳು ಬಿಂದು: ಕಥೆ ಕಾಲದಿಂದ ಕಾಲಕ್ಕೆ ಹಾರಿ ಕಡಿದಾಗಲೆಲ್ಲ ಸಂಪಾದಕಿಯ ಒಂದು ಪ್ರಶ್ನೆ ಅದನ್ನು ಮತ್ತೆ ಹೊಲಿಯುತ್ತದೆ. ನಾಯಕ ಕೊಲ್ಲಲು ಒಪ್ಪಿಕೊಂಡಿದ್ದ ಗರುಡನ ಸಾವಿನಲ್ಲಿ ಅಧ್ಯಾಯ ಮುಗಿದಾಗ ಆ ಕೆಲಸ ಮುಗಿದಿದೆ, ತಾಯಿಗೆ ಕೊಟ್ಟ ಮಾತು ಮಾತ್ರ ಬಾಕಿ ಉಳಿದಿದೆ. ಎರಡನೆಯ ಅಧ್ಯಾಯ ಬಂದದ್ದು 2022ರ ಏಪ್ರಿಲ್ 14ಕ್ಕೆ. ಮೂರು ವರ್ಷಕ್ಕೂ ಮೀರಿದ ಆ ಅಂತರವನ್ನು ದಾಟಿಸಿದ್ದು ಆ ಬಾಕಿಯೇ.

ಈ ಚಿತ್ರದ ಕೊರತೆಯನ್ನೂ ಹೇಳಲೇಬೇಕು. ಚಿತ್ರೀಕರಣ ನಡೆದದ್ದು ಗಣಿಯ ತ್ಯಾಜ್ಯ ಸುರಿದ ಇಲ್ಲಿನ ಸೈನೈಡ್ ಗುಡ್ಡಗಳ ಮೇಲೆ, ಆದರೆ ಕಥೆ ನಡೆಯುವ ನರಾಚಿ ಎಂಬ ಗಣಿ ಕಲ್ಪಿತ. ಚಿತ್ರದಲ್ಲಿ ಚಿನ್ನ ಕಾಣಿಸಿಕೊಳ್ಳುವ 1951ರ ಹೊತ್ತಿಗೆ ನಿಜವಾದ ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಿ ಎಪ್ಪತ್ತು ವರ್ಷ ಕಳೆದಿತ್ತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಸಿಡಿಯುವ ಭಯದಲ್ಲೇ ದುಡಿದ ತಮಿಳು, ತೆಲುಗು, ಕನ್ನಡ ಮನೆಗಳ ಬದುಕು ಆ ಚಿತ್ರದ ಕಾಳಜಿಯಾಗಿರಲಿಲ್ಲ.

ಹಾಗಾದರೆ ಈ ಮಣ್ಣಿನ ಬೀಜ ಯಾವುದಿರಬಹುದು? ನನ್ನ ಮಟ್ಟಿಗೆ ಅತ್ಯಂತ ಬಲವಾದದ್ದು ಕ್ಯಾಸಂಬಳ್ಳಿಯಲ್ಲೇ ಇದೆ. 1902ರಲ್ಲಿ ಇಲ್ಲಿ ಹುಟ್ಟಿದ ಕೆ. ಚೆಂಗಲರಾಯ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಮಾತ್ರ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೊತ್ತಿಕೊಂಡಿತು, ಅಕ್ಟೋಬರಿನಲ್ಲಿ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಎದುರಿಗಿದ್ದವರು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಅದರ ಹಿಂದಿನ ವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದವರು. ಎದುರಾಳಿ ಸಣ್ಣವನಾದರೆ ಕಥೆಯೂ ಸಣ್ಣದಾಗುತ್ತದೆ. ಇಲ್ಲಿ ಇಬ್ಬರೂ ದೊಡ್ಡವರು. ಮೊದಲ ಸಂಚಿಕೆ ಆಗಸ್ಟ್ 15ರ ಒಂದೇ ದಿನದಲ್ಲಿ ನಡೆಯಲಿ: ಊರೆಲ್ಲ ಧ್ವಜ ಹಾರಿಸುತ್ತಿರುವಾಗ ಸಂಭ್ರಮಿಸಲೂ ಆಗದ, ಸುಮ್ಮನಿರಲೂ ಆಗದ ಒಬ್ಬ ವಕೀಲ. ಸ್ವಾಮಿಯ ಕಥೆಯಲ್ಲಿ ಕಂಡ ಮೂರೂ ಸಂಗತಿಗಳು ಇಲ್ಲಿ ತಾವಾಗಿಯೇ ಇವೆ. ಮುಂದೇನಾಯಿತೆಂದು ಇತಿಹಾಸ ಓದಿದವರಿಗೆ ಗೊತ್ತು. ಹೇಗಾಯಿತೆಂಬುದಕ್ಕೆ ಜನ ರಾತ್ರಿಯಿಡೀ ಕೂರುತ್ತಾರೆ.

ನೋಡುವ ಕ್ರಮವೂ ಈಗ ಇಂಥ ಸರಣಿಗೆ ಅನುಕೂಲವಾಗಿದೆ. ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರ ರೈಲುಗಳಲ್ಲಿ ಫೋನಿನ ಪರದೆಯೇ ಮನೆಯ ಟಿವಿ. ಒಂದು ಪ್ರಯಾಣಕ್ಕೆ ಎರಡು ಮೂರು ಸಂಚಿಕೆ ಆರಾಮಾಗಿ ಹಿಡಿಸುತ್ತವೆ. ಆದರೆ ಅವರಿಗೆ ಕೊಡಲು ಕನ್ನಡದಲ್ಲಿ ಏನಿದೆ? ಓಟಿಟಿ ವೇದಿಕೆಗಳು ಕೊಳ್ಳಲು ಮುಂದೆ ಬಾರದ್ದರಿಂದ ‘ಏಕಂ’ ಸರಣಿಯನ್ನು ರಕ್ಷಿತ್ ಶೆಟ್ಟಿಯವರ ತಂಡ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡಬೇಕಾಯಿತು. ಕನ್ನಡ ಸರಣಿಗಳಿಗೆ ನೋಡುಗರಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಮೂರು ಭಾಷೆಯಲ್ಲಿ ನೋಡಿ ತೂಗಬಲ್ಲವರು ಈ ಗಡಿಯಲ್ಲೇ ಇದ್ದಾರೆ. ಅವರಿಗಾಗಿ ಬರೆಯುವಾಗ ಪಾತ್ರಗಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ ಆಡಲಿ. ಶುದ್ಧ ಬೆಂಗಳೂರು ಕನ್ನಡವನ್ನು ಕ್ಯಾಸಂಬಳ್ಳಿಯ ಬಾಯಿಗೆ ತುರುಕಿದರೆ ಮೊದಲ ಐದು ನಿಮಿಷದಲ್ಲೇ ನಂಬಿಕೆ ಹೋಗುತ್ತದೆ.

ಆ ಮಾತನ್ನು ಕೇಳಿಸಿಕೊಳ್ಳಲು ಉಳಿದಿರುವ ಹೊತ್ತು ಕಡಿಮೆ: ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೊನೆಯ ಪಾಳಿಗಳಲ್ಲಿ ಇಳಿದವರು ಈಗ ಮುಪ್ಪಿನ ಕಡೆಗೆ ನಡೆದಿದ್ದಾರೆ. ಸರಣಿ ಬರೆಯುವ ಆಸೆಯಿರುವ ಕನ್ನಡದ ಎಳೆಯರು ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಚಾಂಪಿಯನ್, ಊರ್ಗಾಂ, ಕೋರಮಂಡಲ್ ಕಾಲೋನಿಗಳಿಗೆ ಹೋಗಿ, ಅವರ ಮುಂದೆ ಕೂತು, ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆ ಕೆಲಸ ಈ ವರ್ಷವೇ ಆಗಲಿ.