ಕ್ಲೀನರ್ ಬಿಟ್ಟುಹೋದ ಜಾಗ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಅದರಲ್ಲೂ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ, ಕಾರು ಓಡಿಸುವವರಿಗೆ ಎದುರಿಗಿಂತ ಎಡಪಕ್ಕದ ಭಯವೇ ಹೆಚ್ಚು. ಸ್ಟೀರಿಂಗ್ ಇರುವುದು ಬಲಕ್ಕೆ, ಸ್ಕೂಟರ್ ನುಗ್ಗುವುದು ಎಡಕ್ಕೆ. ಒಳಗಿನ ಕನ್ನಡಿಯಿಂದ ಮರೆಯಾಗಿ, ಹೊರಗಿನ ಕನ್ನಡಿಗೂ ಸಿಗದೆ ಹಿಂಬಾಗಿಲ ಆಸುಪಾಸಿನಲ್ಲಿ ಉಳಿಯುವ ಜಾಗವೇ 'ಬ್ಲೈಂಡ್ ಸ್ಪಾಟ್'.

ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ, ಕಾಗದದ ಕಾರ್ಖಾನೆಗೆ ಸರಕು ಹೊತ್ತು ಬಿ.ಎಚ್. ರಸ್ತೆಯಲ್ಲಿ ಓಡಾಡುತ್ತಿದ್ದ ಲಾರಿಗಳಲ್ಲಿ ಈ ಜಾಗ ಕಾಯಲು ಒಬ್ಬ ಮನುಷ್ಯನಿದ್ದ. ಅವನೇ ಕ್ಲೀನರ್. ಎಡಬಾಗಿಲಿನಿಂದ ತಲೆ ಹೊರಹಾಕಿ, ತಗಡು ಬಡಿದು 'ಹೋಲ್ಡಾನ್', 'ರೈಟ್' ಎಂದು ಕೂಗುವುದು ಅವನ ಕೆಲಸಗಳಲ್ಲೊಂದು.

ಮೊದಮೊದಲ ರೇಸ್ ಕಾರುಗಳಲ್ಲೂ ಇಂಥ ಜೊತೆಗಾರನಿರುತ್ತಿದ್ದ. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ 500 ಮೈಲಿ ಸ್ಪರ್ಧೆಗೆ ರೇ ಹ್ಯಾರೂನ್ ಒಬ್ಬರೇ ಬಂದರು. ಹಿಂದೆ ಬರುವವರನ್ನು ನೋಡುವವರು ಯಾರು ಎಂದು ಉಳಿದವರು ತಕರಾರು ತೆಗೆದರು. ಹ್ಯಾರೂನ್ ಕಾರಿಗೊಂದು ಕನ್ನಡಿ ಕೂರಿಸಿದರು, ಗೆದ್ದೂ ಬಿಟ್ಟರು. ತಮಾಷೆಯೆಂದರೆ, ಇಟ್ಟಿಗೆ ಹಾಸಿದ ಆ ಹಾದಿಯ ಕುಲುಕಾಟಕ್ಕೆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣಲಿಲ್ಲವೆಂದು ಅವರೇ ಆಮೇಲೆ ಹೇಳಿಕೊಂಡರು!

ಕನ್ನಡಿ ಉಳಿಯಿತು, ಜೊತೆಗಾರ ಇಳಿದುಹೋದ. ನಮ್ಮಲ್ಲಂತೂ 2009ರಲ್ಲಿ ಬಂದ ನ್ಯಾನೊ ಕಾರಿನ ಅಗ್ಗದ ಮಾದರಿಗೆ ಹೊರಗನ್ನಡಿ ಇದ್ದದ್ದು ಚಾಲಕನ ಕಡೆ ಮಾತ್ರ.

ಈ ಕೊರತೆ ತುಂಬುವ ಉಪಾಯವನ್ನು ಸ್ವೀಡನ್ನಿನ ವೋಲ್ವೊ 2001ರಲ್ಲಿ ಒಂದು ಪ್ರದರ್ಶನ ಕಾರಿನಲ್ಲಿ ತೋರಿಸಿತು. ಕೆಲವೇ ವರ್ಷಗಳಲ್ಲಿ ಅದು ಮಾರಾಟದ ಕಾರುಗಳಿಗೂ ಬಂತು. ಹೊರಗನ್ನಡಿಯ ಕೆಳಗಿನ ಕ್ಯಾಮೆರಾ ಪಕ್ಕದ ವಾಹನವನ್ನು ಗುರುತಿಸಿ ದೀಪ ಹೊತ್ತಿಸುತ್ತಿತ್ತು. ಈಗ ಹೆಚ್ಚಾಗಿ ಹಿಂದಿನ ಬಂಪರಿನ ಮೂಲೆಗಳಲ್ಲಿ ರೇಡಾರ್ ಇರುತ್ತದೆ. ಅದು ಕಳಿಸಿದ ರೇಡಿಯೊ ಅಲೆಗಳು ವಾಹನಕ್ಕೆ ತಾಗಿ ಮರಳಿದರೆ ಕನ್ನಡಿಯ ಅಂಚಿನಲ್ಲಿ ದೀಪ ಹೊತ್ತುತ್ತದೆ. ಆಗಲೂ ಚಾಲಕ ಅತ್ತ ತಿರುಗಲು ಇಂಡಿಕೇಟರ್ ಹಾಕಿದರೆ ಅನೇಕ ಕಾರುಗಳಲ್ಲಿ ಸದ್ದೂ ಕೇಳುತ್ತದೆ. ಭಾರತದಲ್ಲಿ 2019ರಲ್ಲಿ ಬಂದ ಕಿಯಾ ಸೆಲ್ಟೋಸ್‌ನ ದುಬಾರಿ ಮಾದರಿಯದು ಇನ್ನೊಂದು ಬಗೆ. ಇಂಡಿಕೇಟರ್ ಹಾಕಿದ ಕೂಡಲೇ ಆ ಪಕ್ಕದ ದೃಶ್ಯವನ್ನೇ ಚಾಲಕನ ಎದುರಿನ ಪರದೆಗೆ ತರುತ್ತದೆ. ಅಪಾಯವಿದೆಯೇ ಎಂದು ತೀರ್ಮಾನಿಸುವುದು ಚಾಲಕನಿಗೇ ಬಿಟ್ಟಿದ್ದು.

ಲೇನ್ ಬದಲಿಸುವಾಗಿನ ಅಪಘಾತಗಳು ಈ ವ್ಯವಸ್ಥೆಯಿರುವ ಕಾರುಗಳಲ್ಲಿ ಶೇ 14ರಷ್ಟು ಕಡಿಮೆ ಎಂದು ಅಮೆರಿಕದ ವಿಮಾ ಕಂಪೆನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿತ್ತು. ಅದು ಲೇನುಗಳನ್ನು ಪಾಲಿಸುವ ನಾಡಿನ ಲೆಕ್ಕ. ಕೋಟೆ ರಸ್ತೆಯ ಜಾತ್ರೆಯಲ್ಲಿ ಎರಡೂ ಪಕ್ಕ ವಾಹನಗಳಿದ್ದರೆ ದೀಪ ಆರುವುದೇ ಇಲ್ಲ, ಆರದ ದೀಪವನ್ನು ಯಾರು ನೋಡುತ್ತಾರೆ? ಮಲೆನಾಡಿನ ಮಳೆಗಾಲದ ಕೆಸರು ಬಂಪರಿಗೆ ಮೆತ್ತಿದರೂ ರೇಡಾರ್ ಮಂಕಾಗುತ್ತದೆ.

ಕ್ಲೀನರ್ ಹಳೆಯ ಕಾಯಕ ನಡೆಸಿದ್ದ ಲಾರಿಗಳಿಗೂ ಈ ಯಂತ್ರ ಬಂದಿದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜುಲೈನಿಂದ ಹೊಸ ಮಾದರಿಯ ಲಾರಿ, ಬಸ್ಸುಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ಲಾರಿ, ಬಸ್ಸುಗಳಿಗೆ ಅದು ಕಡ್ಡಾಯ. ಪಕ್ಕದಲ್ಲಿ ಸೈಕಲ್ ಸವಾರನಿದ್ದರೆ ಯಂತ್ರ ಚಾಲಕನಿಗೆ ತಿಳಿಸಬೇಕು.