ಸರಕಿನ ಹಡಗು ಯುದ್ಧಕ್ಕೆ ಹೊರಟಾಗ

ಟ್ರ್ಯಾಕ್ಟರ್ ಒಂದೇ. ಹಿಂದೆ ನೇಗಿಲು ಸಿಕ್ಕಿಸಿದರೆ ಉಳುಮೆ, ಟ್ರೇಲರ್ ಕಟ್ಟಿದರೆ ಸಾಗಣೆ. ಹಡಗನ್ನೂ ಹೀಗೆ ಬೇರೆ ಬೇರೆ ಕೆಲಸಕ್ಕೆ ಬಳಸಬಹುದೇ?

ಯುದ್ಧನೌಕೆಗಳಿಗೆ ಎಣ್ಣೆ, ಊಟ, ಮದ್ದುಗುಂಡು ಬೇಕೇ ಬೇಕು. ಪ್ರತಿ ಸಲ ಬಂದರಿಗೆ ಹೋಗಿ ಬರುತ್ತಿದ್ದರೆ ಯುದ್ಧ ಮಾಡುವುದು ಯಾವಾಗ? 1917ರ ಮೇ ತಿಂಗಳಲ್ಲಿ ಅಮೆರಿಕದ 'ಮಾಮೀ' ಎಂಬ ತೈಲ ಹಡಗು ಅಟ್ಲಾಂಟಿಕ್ ಸಾಗರದ ನಡುವೆ, ಸಾಗುತ್ತಲೇ, ಪಕ್ಕದಲ್ಲಿ ಬರುತ್ತಿದ್ದ ಯುದ್ಧನೌಕೆಗಳಿಗೆ ಪೈಪಿನಲ್ಲಿ ಎಣ್ಣೆ ತುಂಬಿತು. ಆಮೇಲೆ ನೌಕಾಪಡೆಗಳು ಈ ಕೆಲಸಕ್ಕೆಂದೇ ಹಡಗು ಕಟ್ಟಿದವು. ಆದರೆ ಅವು ದುಬಾರಿ, ಸಂಖ್ಯೆಯೂ ಕಡಿಮೆ.

ಇನ್ನೊಂದು ಬದಲಾವಣೆ ವ್ಯಾಪಾರದ ಕಡೆಯಿಂದ ಬಂತು. 1956ರಲ್ಲಿ ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಕಂಟೇನರ್ ಸಾಗಿಸಿದ. ಕ್ರಮೇಣ ಪೆಟ್ಟಿಗೆಯ ಅಳತೆ ಎಲ್ಲೆಡೆ ಒಂದೇ ಆಯಿತು.

1982ರ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳನ್ನು ಅರ್ಜೆಂಟೀನಾ ಹಿಡಿಯಿತು. ಬ್ರಿಟನ್ನಿಗೆ ಅವು ಸುಮಾರು 13,000 ಕಿ.ಮೀ. ದೂರ. ನೌಕಾಪಡೆಯ ಪೂರೈಕೆ ಹಡಗುಗಳು ಸಾಲಲಿಲ್ಲ. ಸರ್ಕಾರ ವ್ಯಾಪಾರಿ ಹಡಗುಗಳನ್ನೇ ಕರೆಸಿಕೊಂಡಿತು. ತೈಲ ಹಡಗುಗಳಿಗೆ ಸಮುದ್ರದಲ್ಲೇ ಎಣ್ಣೆ ಕೊಡುವ ಸಲಕರಣೆ ಜೋಡಿಸಿತು. 'ಅಟ್ಲಾಂಟಿಕ್ ಕನ್ವೇಯರ್' ಎಂಬ ಕಂಟೇನರ್ ಹಡಗಿನ ಡೆಕ್ಕಿನ ಎರಡೂ ಬದಿಗೆ ಕಂಟೇನರ್‌ಗಳನ್ನು ಗೋಡೆಯಂತೆ ಪೇರಿಸಿ, ನಡುವೆ ವಿಮಾನ, ಹೆಲಿಕಾಪ್ಟರ್ ನಿಲ್ಲಿಸಿದರು. ಈ ಮಾರ್ಪಾಟಿಗೆ ಹಿಡಿದದ್ದು ಕೆಲವೇ ದಿನ.

ಮೇ 25ರಂದು ಅರ್ಜೆಂಟೀನಾದ ವಿಮಾನಗಳು ಎರಡು ಎಕ್ಸೋಸೆಟ್ ಕ್ಷಿಪಣಿ ಬಿಟ್ಟವು. ಯುದ್ಧನೌಕೆಗಳು ಲೋಹದ ಚೂರುಗಳನ್ನು ಗಾಳಿಗೆ ಹಾರಿಸಿ ಕ್ಷಿಪಣಿಯ ದಾರಿ ತಪ್ಪಿಸಿದವು. ಕನ್ವೇಯರ್‌ನಲ್ಲಿ ಆ ವ್ಯವಸ್ಥೆಯೇ ಇರಲಿಲ್ಲ. ಕ್ಷಿಪಣಿಗಳು ಅದಕ್ಕೇ ಬಡಿದವು. ಕ್ಯಾಪ್ಟನ್ ಇಯಾನ್ ನಾರ್ತ್ ಸೇರಿ 12 ಮಂದಿ ಸತ್ತರು. ಅವರಲ್ಲಿ ಸರಕು ಸಾಗಿಸುವುದೇ ಕಸುಬಾಗಿದ್ದ ನಾವಿಕರೂ ಇದ್ದರು.

ಸೈನಿಕರನ್ನು ಹೊರಬೇಕಿದ್ದ ಮೂರು ದೊಡ್ಡ ಚಿನೂಕ್ ಹೆಲಿಕಾಪ್ಟರ್‌ಗಳು ಸುಟ್ಟುಹೋದವು. ಆಗ ಹಾರಾಟದಲ್ಲಿದ್ದ ಒಂದು ಮಾತ್ರ ಉಳಿಯಿತು. ಡೇರೆಗಳೂ ಹೋದವು. ಕೊನೆಗೆ ಸೈನಿಕರು ಬೆನ್ನಿನ ಮೇಲೆ ಹೊರೆ ಹೊತ್ತು, ಚಳಿಯಲ್ಲಿ, ಕೆಸರು ನೆಲದಲ್ಲಿ ನಡೆದೇ ಹೋದರು. ಜೂನ್ 14ಕ್ಕೆ ಯುದ್ಧ ಮುಗಿಯಿತು.

ಬ್ರಿಟನ್ ಈ ದಾರಿಯನ್ನು ಅಲ್ಲಿಗೇ ಬಿಡಲಿಲ್ಲ. ಇನ್ನೊಂದು ಕಂಟೇನರ್ ಹಡಗಿಗೆ ಅಮೆರಿಕದ 'ಅರಪಾಹೋ' ಸಲಕರಣೆ ಜೋಡಿಸಿತು. ಹೆಲಿಕಾಪ್ಟರ್‌ಗೆ ಬೇಕಾದ ಸೌಕರ್ಯಗಳನ್ನು ಕಂಟೇನರ್ ರೂಪದಲ್ಲಿ ತಂದು ಕೂರಿಸುವ ವ್ಯವಸ್ಥೆ ಅದು. 'ರಿಲಯಂಟ್' ಎಂದು ಹೆಸರು ಬದಲಾದ ಆ ಹಡಗು 1984ರಲ್ಲಿ ಬೈರೂತ್‌ನಿಂದ ಬ್ರಿಟಿಷ್ ಸೈನಿಕರನ್ನು ಹೊರತರಲು ನೆರವಾಯಿತು. 1986ರಲ್ಲಿ ಅದನ್ನು ಸೇವೆಯಿಂದ ತೆಗೆದರು.

ಕೆಲವು ದಿನಗಳಲ್ಲಿ ಸಲಕರಣೆ ಜೋಡಿಸಿ ಸರಕಿನ ಹಡಗಿನಿಂದ ಸೇನೆಯ ಕೆಲಸ ಮಾಡಿಸಬಹುದು. ಆದರೆ ಆ ಕೆಲಸಕ್ಕೆ ಇಳಿದ ಮೇಲೆ ಶತ್ರುವಿನ ಕಣ್ಣಿಗೂ ಅದು ಸೇನೆಯ ಹಡಗೇ. ಸಲಕರಣೆಯ ಜೊತೆ ರಕ್ಷಣೆಯನ್ನೂ ಜೋಡಿಸದಿದ್ದರೆ ಅದರ ಬೆಲೆ ತೆರುವವರು ಹಡಗಿನಲ್ಲಿದ್ದವರು.